ಡ್ರಮ್ಮರನ ಕಿವಿಗೆ ನೂರಕ್ಕೆ ನೂರು

ರೊಸಾರಿಯೊ ನಗರದಲ್ಲಿ ಕಿವಿ ಡಾಕ್ಟರ ಹತ್ತಿರ ಸರದಿಗೆ ಕೂತಿದ್ದೆ. ಮೂವತ್ತು ವರ್ಷದಿಂದ ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವ ಒರೆಸ್ತೆಸ್ ಪರೀಕ್ಷೆ ಮುಗಿಸಿ ಬಂದು ಹೆಂಡತಿ ಮಿರ್ತಾ ಪಕ್ಕ ಕೂತ.

"ಏನಂದ್ರು?"

"ಆಂ?"

"ಏನಂದ್ರೂ ಅಂದೆ!"

"ನೂರಕ್ಕೆ ನೂರು! ಬ್ಯಾಂಡ್ ಜೊತೆ ಟೂರಿಗೆ ಹೋಗಬಹುದಂತೆ, ಸರ್ಟಿಫಿಕೇಟು ಕೊಡ್ತಾರಂತೆ."

"ಮನೆ ಬೆಲ್ಲೇ ಕೇಳ್ಸಲ್ಲ ನಿಂಗೆ! ಅದೇನ್ ಮಾಡ್ದೆ ಮಾರಾಯ?"

"ಹೆಡ್‌ಫೋನಲ್ಲಿ ಕುಂಯ್ ಅಂದಾಗೆಲ್ಲ ಗುಂಡಿ ಒತ್ತಬೇಕಿತ್ತು. ಮೊದಲೆರಡು ಕೇಳಿಸ್ತು. ನಾಲ್ಕು ಎಣಿಸೋ ಹೊತ್ತಿಗೆ ಒಂದ್ಸಲ ಬರ್ತಿತ್ತು. ಆಮೇಲೆ ಎಣಿಸ್ಕೊಂಡೇ ಒತ್ತಿದೆ."

"ಅಯ್ಯೋ ನಿನ್ನ! ಇರೋ ಚೂರು ಕಿವೀನೂ ಕಳ್ಕೋತೀಯ. ಹೋಗಿ ನಿಜ ಹೇಳು."

"ಹೇಳಿದ್ರೆ ನನ್ ಜಾಗಕ್ಕೆ ಬೇರೆಯವನು ಬರ್ತಾನೆ, ಮಿರ್ತಾ."

ಅಷ್ಟರಲ್ಲಿ ನರ್ಸ್ ಅವನ ಸರ್ಟಿಫಿಕೇಟು ಹಿಡಿದು ಬಾಗಿಲಲ್ಲಿ ಮೂರು ಸಲ ಅವನ ಹೆಸರು ಕೂಗಿದಳು. ಮಿರ್ತಾ ತಿವಿದಳು.

"ಕರೀತಿದಾರೆ, ಕೇಳಿಸ್ಲಿಲ್ವಾ?"

"ತಾಳಕ್ಕೆ ಸರಿಯಾಗಿ ಕರೆದಿದ್ರೆ ಎದ್ದಿರ್ತಿದ್ದೆ!"

ನೂರಕ್ಕೆ ನೂರು ಬಂದ ಆ ಕಿವಿಯನ್ನೇ ಹಿಡಿದು ಮಿರ್ತಾ ಅವನನ್ನು ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು.