ಇನ್ನಂಜೆಯ ಕಲ್ಲುಕೋರೆಯ ಮಣ್ಣಿಗೆ ಜೀವ ಇರುವ ಬಗ್ಗೆ

ಅಪೊಲೋನಿಯಾ ರೊಸಾರಿಯೊ, ಗಂಡ ಮ್ಯಾಕ್ಸಿಮ್, ಪ್ರಾಯ 51 ವರ್ಷ, ಕೃಷಿ, ವಾಸ ಇನ್ನಂಜೆ ಗ್ರಾಮ, ಉಡುಪಿ ತಾಲೂಕು ಆದ ನಾನು ಠಾಣೆಗೆ ಸ್ವತಃ ಬಂದು ತಿಳಿಸುವುದೇನೆಂದರೆ,

ನಮ್ಮ ಮನೆಯ ಹಿಂದಿನ ಜಾಗದಲ್ಲಿ ಕಾರ್ಕಳದ ಗುತ್ತಿಗೆದಾರ ಉಮಾನಾಥರು 1980ರವರೆಗೆ ಕೆಂಪುಕಲ್ಲು ಕಡಿದು, ಬರೀ ಹೊಂಡ ಬಿಟ್ಟು ಹೋಗಿರುತ್ತಾರೆ. ಜಾಗ ಕೃಷಿಗೆ ಬಾರದಿದ್ದರೆ ಪುನಃ ಕಡಿಯುವ ಹಕ್ಕು ಕರಾರಿನ ಪ್ರಕಾರ ಅವರಿಗೆ ಇತ್ತು. ನಾನು ಆ ಹೊಂಡಕ್ಕೆ ಮಣ್ಣು ಹೊತ್ತು, ಸೊಪ್ಪು ಸೆಗಣಿ ಹಾಕಿ, ವರ್ಷವೂ ಹುರುಳಿ ಬಿತ್ತಿರುತ್ತೇನೆ. ಕಳೆದ ತಿಂಗಳು ಉಮಾನಾಥರು ಬಂದು, ಹುರುಳಿ ಬಂದದ್ದು ಗೊಬ್ಬರದ ಬಲದಿಂದ, ಮಣ್ಣು ಸತ್ತದ್ದೇ ಬಾಯಮ್ಮ, ಅಡಿಯಲ್ಲಿ ಇನ್ನೂ ಕಲ್ಲು ಉಂಟು ಎಂದರು. ಇನ್ನು ಕಡಿದರೆ ಅದು ಜಾಗವಲ್ಲ, ನೀರು ನಿಲ್ಲುವ ಗುಂಡಿ. ಮಣಿಪಾಲದಲ್ಲಿ ಕಾಲೇಜು ಉಪನ್ಯಾಸಕಿಯಾಗಿರುವ ಕುಶಲಾ ಟೀಚರ್ ಪರೀಕ್ಷೆ ಮಾಡಿ ಹೇಳಿದ ಹಾಗೆ ಆಗಲಿ ಎಂದು ನಾವಿಬ್ಬರೂ ಒಪ್ಪಿದೆವು.

ಟೀಚರ್ ತಿಳಿಸಿದಂತೆ, ಮಣ್ಣಿಗೆ ಯೂರಿಯಾ ನೀರು ಹಾಕಿ ಬಾಟ್ಲಿ ಮುಚ್ಚಿಟ್ಟರೆ, ಮಣ್ಣಿನ ಸೂಕ್ಷ್ಮಜೀವಿಗಳ ಕಿಣ್ವವು ಯೂರಿಯಾವನ್ನು ಒಡೆದು ಅಮೋನಿಯಾ ಏಳಿಸುತ್ತದೆ. ಆಗ ಬಾಟ್ಲಿಯ ಬಾಯಿಗೆ ಕಟ್ಟಿದ ಕೆಂಪು ಲಿಟ್ಮಸ್ ಕಾಗದ ನೀಲಿಯಾಗುತ್ತದೆ. ನನ್ನ ಗಂಡ ಕೊಂಡುಹೋದ ಮಣ್ಣಿಗೆ ಕಾಗದ ಕೆಂಪಾಗಿಯೇ ಉಳಿದು, ಮಣ್ಣು ಸತ್ತದ್ದೆಂದೇ ಆಯಿತು.

ದಿನಾಂಕ 20-1-1986ರಂದು ಬೆಳಿಗ್ಗೆ 8 ಗಂಟೆಗೆ ಉಮಾನಾಥರು ಆಳುಗಳೊಂದಿಗೆ ಪಿಕ್ಕಾಸು, ಹಾರೆ ಹಿಡಿದು ಬಂದರು. ನಾನು ಹೊಂಡಕ್ಕೆ ಇಳಿದು ನಡುವಿನಲ್ಲಿ ಕೂತು, ಮೊದಲು ನನ್ನನ್ನು ಕಡಿಯಿರಿ ಎಂದಿರುತ್ತೇನೆ. ಉಮಾನಾಥರು ದೂರು ಕೊಟ್ಟ ಕಾರಣ ಮುಖ್ಯಪೇದೆ ದೇವದಾಸರು ಬಂದು ಕೆಲಸ ನಿಲ್ಲಿಸಿದರು. ಹುರುಳಿ ಬೆಳೆದ ಮಣ್ಣು ಸತ್ತದ್ದೆಂದು ನಂಬದೆ ನಾನು ಗಂಡನನ್ನು ಬಸ್ಸಿನಲ್ಲಿ ಮಣಿಪಾಲಕ್ಕೆ ಓಡಿಸಿ ಟೀಚರನ್ನು ಕರೆಸಿದೆನು.

ಮಧ್ಯಾಹ್ನ ಬಂದ ಟೀಚರ್, ಮಣ್ಣು ಎಲ್ಲಿಂದ ತೆಗೆದದ್ದು ಎಂದು ಎಲ್ಲರೆದುರು ವಿಚಾರಿಸಿದರು. ನನ್ನ ಗಂಡ ತಲೆ ತಗ್ಗಿಸಿ, ಒಳ್ಳೆಯದೇ ಇರಲಿ ಅಂತ ಹೊಂಡದ ಸುಡುಮಣ್ಣಿನ ರಾಶಿಯಿಂದ ಕೊಟ್ಟದ್ದು ಎಂದರು. ಮಣ್ಣನ್ನು ತರಗೆಲೆಯೊಂದಿಗೆ ಸುಟ್ಟು ಗುಳ್ಳ ಬದನೆಯ ಗಿಡಕ್ಕೆ ಹಾಕುವುದು ನಮ್ಮ ಕಡೆಯ ಕ್ರಮ. ಸುಟ್ಟರೆ ಕಿಣ್ವವೂ ಸುಟ್ಟುಹೋಗುತ್ತದೆ ಅಲ್ವಾ ಎಂದು ಟೀಚರ್ ನಕ್ಕರು. ಆಗ ನಾನು ಗಂಡನಿಗೆ ಹೇಳಿದ್ದನ್ನು ಇಲ್ಲಿ ಬರೆಸುವುದಿಲ್ಲ.

ಬಳಿಕ ದೇವದಾಸರೇ ಅಗೆದುಕೊಟ್ಟ ಹೊಂಡದ ಮಣ್ಣು, ಪಕ್ಕದ ಕಡಿಯದ ಗುಡ್ಡೆಯ ಮಣ್ಣು, ಸುಡುಮಣ್ಣು ಹೀಗೆ ಮೂರು ಬಾಟ್ಲಿಗಳನ್ನು ಯೂರಿಯಾ ನೀರು ಹಾಕಿ, ಕಾಗದ ಕಟ್ಟಿ ಬಿಸಿಲಿಗೆ ಇಡಲಾಯಿತು. ಸಂಜೆ 4 ಗಂಟೆಗೆ ಗುಡ್ಡೆಯ ಕಾಗದವೂ ಹೊಂಡದ ಕಾಗದವೂ ನೀಲಿಯಾಗಿದ್ದವು. ಸುಡುಮಣ್ಣಿನದ್ದು ಕೆಂಪೇ. ಉಮಾನಾಥರು ನಂಬದೆ ಹೊಂಡದ ಬಾಟ್ಲಿಗೆ ಮೂಗು ಇಟ್ಟರು, ಕಣ್ಣಲ್ಲಿ ನೀರು ಬಂತು. ಆಳು ಚಂದು ಎಂಬವರು, ಇದು ಉಚ್ಚೆ ವಾಸನೆ ಮಾರಾಯ್ರೆ, ಸತ್ತದ್ದು ಎಲ್ಲಿಯಾದರೂ ಉಚ್ಚೆ ಹೊಯ್ಯುತ್ತದಾ ಎಂದಾಗ ಆಳುಗಳೆಲ್ಲ ನಕ್ಕು ಹಾರೆಗಳನ್ನು ಹೆಗಲಿಗೇರಿಸಿದರು. ಉಮಾನಾಥರು, ಆಯ್ತು ಬಾಯಮ್ಮ, ಜಾಗ ನಿಮ್ಮದು ಎಂದರು. ನನಗೆ ಆದಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ನನಗೆ ಯಾರ ಮೇಲೆಯೂ ಕೇಸು ಬೇಡ. ಹೊಂಡದ ಮಣ್ಣಿಗೆ ಜೀವ ಉಂಟು ಎಂಬುದಕ್ಕೆ ಉಮಾನಾಥರೇ ಸಾಕ್ಷಿ ಹಾಕಬೇಕೆಂದು ಕೋರಿದ್ದು, ಅವರು ಒಪ್ಪಿರುತ್ತಾರೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಉಂಟು, ಎಲ್ಲವೂ ಸತ್ಯ.

ಕಾಪು
21-1-1986
ಸಹಿ: ಅಪೊಲೋನಿಯಾ ರೊಸಾರಿಯೊ

ಸಾಕ್ಷಿ: ಉಮಾನಾಥ, ಗುತ್ತಿಗೆದಾರ, ಕಾರ್ಕಳ (ಸ್ವತಃ ಮೂಸಿ ನೋಡಿದವರು)