ಹೊಸ ಸರ್ ಹೂಂ ಅನ್ನಲ್ಲ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ದರ್ಜಿಯಮ್ಮ ಕಣ್ಣಿಗೆ ಮದ್ದು ಬಿಡಿಸಿಕೊಂಡು ರೆಪ್ಪೆ ಮುಚ್ಚಿ ಕೂತಿದ್ದಳು. ಪಕ್ಕದ ಹುಡುಗಿ ವಿಮಾನ ಹಾರಿಸಲು ಕಲಿಯುತ್ತಿದ್ದಾಳೆ, ಜೊತೆಗಿರುವ ಹಿರಿಯರು ಕಣ್ಣು ಕೈಕೊಟ್ಟು ಹೋದ ವಾರ ಕೆಲಸ ಬಿಟ್ಟ ಅವಳ ಮೇಷ್ಟ್ರು ಎಂಬುದು ಮಾತಿನಲ್ಲೇ ತಿಳಿಯಿತು.

“ಹೊಸ ಸರ್ ಹತ್ರ ನನ್ನಿಂದಾಗಲ್ಲ. ನಾಳೆಯೂ ಇಳಿಸೋದು ತಪ್ಪಿದ್ರೆ ಮನೆಗೆ ಕಳಿಸ್ತಾರೆ.”

“ಬೈತಾರಾ?”

“ಬೈದಿದ್ರೂ ಚೆನ್ನಾಗಿತ್ತು. ಬಾಯಿಗೆ ಬೀಗ ಹಾಕ್ಕೊಂಡು ಕೂತಿರ್ತಾರೆ. ನೀವು ನೆಲ ಹತ್ರ ಬಂದಾಗ ಹೂಂ, ಹೂಂ ಅಂತಿದ್ರಿ. ಅದಿಲ್ದೆ ಸರಿಯಾಗಿ ಇಳಿಸ್ತಿದೀನಾ ಅಂತಾನೇ ಗೊತ್ತಾಗಲ್ಲ. ಒಂದೇ ಸಲ ಬಂದು ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ ಸರ್, ಕೈ ಮುಗೀತೀನಿ.”

ಹಿರಿಯರು ದನಿ ತಗ್ಗಿಸಿದರು.

“ಕೊನೇ ಎರಡು ತಿಂಗಳು ನಂಗೆ ರನ್‌ವೇ ಸರಿಯಾಗಿ ಕಾಣ್ತಾನೇ ಇರಲಿಲ್ಲ ಮಗಳೇ.”

“ಏನಂದ್ರಿ?”

“ಎಲ್ಲಾ ಮಸುಕು. ಚಕ್ರ ನೆಲ ಮುಟ್ಟಿದ ಮೇಲೇ ಗೊತ್ತಾಗ್ತಿತ್ತು. ಕೆಲಸ ಹೋಗುತ್ತೆ ಅಂತ ಬಾಯಿ ಬಿಡಲಿಲ್ಲ. ಹೂಂ ಅಂದಿದ್ದು ಭಯಕ್ಕೆ. ಇಳಿಸಿದ್ದೆಲ್ಲ ನೀನೇ.”

“ನನ್ನ ಜೀವದ ಜೊತೆ ಚೆಲ್ಲಾಟ ಆಡಿದ್ರಾ?”

“ಹೌದು. ಕ್ಷಮಿಸು ಅನ್ನೋಕೆ ಮುಖ ಇಲ್ಲ. ಆದ್ರೆ ನಾಳೆ ಅವರು ಸುಮ್ನಿದ್ರೆ ಹೆದರಬೇಡ. ಅವರಿಗೆ ಕಣ್ಣು ಕಾಣುತ್ತೆ. ನೀನು ತಪ್ಪಿದ್ರೆ ಹಿಡ್ಕೊಳ್ತಾರೆ.”

ನರ್ಸ್ ಒಳಗೆ ಕರೆದಳು. ಹಿರಿಯರು ಎದ್ದು ನಾಲ್ಕು ಹೆಜ್ಜೆ ಹಾಕಿ ಯಾವುದೋ ಕುರ್ಚಿಗೆ ಎಡವಿದ ಸದ್ದಾಯಿತು. ಹುಡುಗಿ ಕೂಡಲೇ ಏಳಲಿಲ್ಲ. ದರ್ಜಿಯಮ್ಮ ತಾನೇ ಏಳೋಣವೆಂದುಕೊಳ್ಳುವಷ್ಟರಲ್ಲಿ ಬೆಂಚು ಹಗುರಾಯಿತು.

“ಬಾಗಿಲು ಎಡಗಡೆಗಿದೆ. ನನ್ನ ಕೈ ಹಿಡ್ಕೊಳ್ಳಿ.”