ಕೋಸಂಬರಿಯ ಉಪ್ಪು

ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ ಕೂತಿದ್ದ ಯಶೋದಮ್ಮನ ಬೆನ್ನ ಹಿಂದೆಯೇ ಇಬ್ಬರು ಓರಗಿತ್ತಿಯರ ಜಗಳ ಹತ್ತಿಕೊಂಡಿತ್ತು. ಆಕೆ ತಿರುಗಿ ನೋಡಲಿಲ್ಲ, ಕಿವಿ ಮಾತ್ರ ಅತ್ತ ಕೊಟ್ಟಳು.

“ಗೃಹಪ್ರವೇಶದಾಗೆ ನಿನ್ನ ಕೋಸಂಬರಿ ನೀರಾಗೋಯ್ತು. ನಮ್ಮ ತವರಿನೋರ ಮುಂದೆ ನನ್ನ ಮಾನ ಓಯ್ತು.”

“ನಾನು ಉಪ್ಪೇ ಆಕಿರ್ಲಿಲ್ಲ ಅಕ್ಕ. ಬಡಿಸೋವಾಗ ಆಕಾನ ಅಂತ ಬಿಟ್ಟಿದ್ದೆ. ಸೌತೆಕಾಯಿಗೆ ಬೆಳಗ್ಗೇನೇ ಉಪ್ಪು ಬಿದ್ರೆ ನೀರು ಬಿಡಲ್ವಾ?”

“ನೀನು ಮರ್ತಿದ್ದೀಯ ಅಂತ ನಾನೇ ಆಕ್ದೆ. ಸಪ್ಪಗಿತ್ತು.”

“ಸಪ್ಪಗಿತ್ತು ಅಂತ ನಿಂಗೆಂಗೆ ಗೊತ್ತಾಯ್ತು? ಅದನ್ನಿನ್ನೂ ದೇವರ ಎಡೆಗೇ ಇಟ್ಟಿರ್ಲಿಲ್ಲ.”

ದೊಡ್ಡವಳು ಚೀಲ ಎತ್ತಿಕೊಂಡು ಎದ್ದಳು. ಅಷ್ಟರಲ್ಲಿ ಕ್ಯಾಸಂಬಳ್ಳಿ ಬಸ್ಸು ಬಂದು ನಿಂತಿತು.

“ದೇವರಿಗಿಂತ ಮುಂಚೆ ಬಾಯಿಗಾಕ್ಕೊಂಡಿದ್ದನ್ನ ಅತ್ತೆಗೆ ನೀನೇ ಏಳ್ತೀಯೋ, ನಾನೇ ಏಳ್ಲೋ?”

ದೊಡ್ಡವಳು ಮುಂಬಾಗಿಲಿನಿಂದ ಹತ್ತಿದಳು. ಚಿಕ್ಕವಳು ಹಿಂಬಾಗಿಲಿನಿಂದ.